ಅಂಕಲ್ ಮನೆಯ ರೇಡಿಯೋ ಗಡಿಯಾರ

ಟೆಕ್ಸಸ್‌ನ ಪ್ಲೇನೋದಲ್ಲಿ ನಮ್ಮ ಕನ್ನಡ ನಾಟಕದ ತಾಲೀಮು ಪ್ರತಿ ಶನಿವಾರ ಒಬ್ಬ ಅಂಕಲ್ ಮನೆಯಲ್ಲಿ ನಡೆಯುತ್ತಿತ್ತು. ಹುಬ್ಬಳ್ಳಿ ಕಡೆಯವರು, ನಿರ್ದೇಶಕರೂ ಅವರೇ. ಅವರ ಗೋಡೆಯ ಮೇಲೊಂದು ಗಡಿಯಾರವಿತ್ತು. ಕೊಲೊರಾಡೋದಿಂದ ಬರುವ ರೇಡಿಯೋ ಸಿಗ್ನಲ್ ಹಿಡಿದು ರಾತ್ರಿ ತಾನೇ ಸಮಯ ಸರಿಮಾಡಿಕೊಳ್ಳುವಂಥದ್ದು. ಬೇರೆ ಯಾವ ಗಡಿಯಾರವನ್ನೂ, ಫೋನನ್ನೂ ಅವರು ನಂಬುತ್ತಿರಲಿಲ್ಲ. ಅದರಲ್ಲಿ ಬೆಳಿಗ್ಗೆ ಹತ್ತಾದ ಕೂಡಲೇ ಅಂಕಲ್ ಬಾಗಿಲು ಹಾಕಿಬಿಡುತ್ತಿದ್ದರು.

ಸೆಪ್ಟೆಂಬರಿನ ಒಂದು ಶನಿವಾರ ನಮ್ಮೂರು ಮೆಕಿನ್ನಿಯಿಂದ ಹೊರಟವಳು ಫ್ರೀವೇಯಲ್ಲಿ ಯಾರದೋ ಅಪಘಾತದಿಂದಾಗಿ ನಾಲ್ಕು ನಿಮಿಷ ತಡವಾದೆ. ಅಂಕಲ್ ಬಾಗಿಲು ತೆಗೆದು ಎಲ್ಲರ ಎದುರಿಗೇ ಹೇಳಿದರು: “ಕೆಲಸಕ್ಕ ಹೋಗೂದಿಲ್ಲ, ಮನ್ಯಾಗ ಕೂತೋರಿಗೂ ಟೈಮ್ ಸಿಗೂದಿಲ್ಲ ಅಂದ್ರ ಹ್ಯಾಂಗ್ರಿ?”

ನನ್ನ ಪಾತ್ರ ಇನ್ನೊಬ್ಬರಿಗೆ ಹೋಯಿತು. ನನಗೆ ತಿಂಡಿಯ ಉಸ್ತುವಾರಿ ಬಂತು.

ನಾನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಆರು ವರ್ಷ ದುಡಿದವಳು. ಗಂಡನ ವೀಸಾದ ಮೇಲೆ ಬಂದದ್ದರಿಂದ ಇಲ್ಲಿ ಕೆಲಸ ಮಾಡುವಂತಿರಲಿಲ್ಲ. ಅದು ಅಂಕಲ್‌ಗೂ ಗೊತ್ತಿತ್ತು. ಐದು ವಾರ ಬಾಯಿಮುಚ್ಚಿಕೊಂಡು ಇಡ್ಲಿ, ಉಪ್ಪಿಟ್ಟು ಹೊತ್ತೆ. ಆ ಮಾತನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ.

ಅಕ್ಟೋಬರ್ ಕೊನೆಗೆ ಗಡಿಯಾರ ತಪ್ಪು ಸಮಯ ತೋರಿಸತೊಡಗಿತು. ನನ್ನ ಗಂಡ, ಇವಳು ನೋಡಿಕೊಡುತ್ತಾಳೆ ಎಂದು ತಾವಾಗಿಯೇ ಒಪ್ಪಿಕೊಂಡರು. ಶನಿವಾರ ಸಂಜೆ ಹೋದೆ. ಚಳಿಗಾಲಕ್ಕೆಂದು ಅಮೆರಿಕದಲ್ಲಿ ವರ್ಷಕ್ಕೊಮ್ಮೆ ಮಾಡುವಂತೆ, ಅಂದು ರಾತ್ರಿಯೇ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ, ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಕೊನೆಯ ತಾಲೀಮು. ಬೀಗದ ಕೈ ಅಂಕಲ್ ಹತ್ತಿರ.

ದೋಷ ನೋಡಿದೊಡನೆ ತಿಳಿಯಿತು. ಗಡಿಯಾರದ ಕೆಳಗೇ ಹೊಸ ದೊಡ್ಡ ಟಿವಿ ತಂದಿಟ್ಟಿದ್ದರು. ಅದರ ವಿದ್ಯುತ್ ಗದ್ದಲದಲ್ಲಿ ರೇಡಿಯೋ ಸಿಗ್ನಲ್ ಸಿಕ್ಕುತ್ತಿರಲಿಲ್ಲ. ಗಡಿಯಾರ ಇಳಿಸಿ, ಹೊಸ ಬ್ಯಾಟರಿ ಹಾಕಿ, ಕೊಲೊರಾಡೋ ಇರುವ ವಾಯವ್ಯ ದಿಕ್ಕಿನ ಕಿಟಕಿಯಲ್ಲಿಟ್ಟೆ. ಅದರ ಬೆನ್ನಿಗೆ ಅಮೆರಿಕದ ನಾಲ್ಕು ಸಮಯ ವಲಯಗಳಿಗೆಂದು ಒಂದು ಸಣ್ಣ ಗುಂಡಿ ಇತ್ತು. ಅದನ್ನು ಟೆಕ್ಸಸ್‌ನಿಂದ ಒಂದು ಮನೆ ಪಕ್ಕಕ್ಕೆ, ಒಂದು ಗಂಟೆ ಹಿಂದಿರುವ ಕೊಲೊರಾಡೋದ ಸಮಯಕ್ಕೆ ಸರಿಸಿದೆ. ಬೆಳಗಾಗುವಷ್ಟರಲ್ಲಿ ತಾನೇ ಸರಿಹೋಗುತ್ತದೆ, ಯಾರೂ ಮುಟ್ಟಬೇಡಿ ಎಂದು ಹೇಳಿ ಬಂದೆ.

ಮರುದಿನ ಹತ್ತಕ್ಕೆ ಪುಳಿಯೋಗರೆ ಡಬ್ಬಿಯೊಡನೆ ಹಾಲ್ ಮುಂದೆ ನಿಂತಿದ್ದೆ. ಉತ್ತರದ ಗಾಳಿ ಕೊರೆಯುತ್ತಿತ್ತು. ಇಡೀ ತಂಡ ಬಂದಿತ್ತು, ಅಂಕಲ್ ಇರಲಿಲ್ಲ. ಯಾರೋ ಫೋನ್ ಮಾಡಿದರೆ, ಇನ್ನೂ ಒಂಬತ್ತು ಗಂಟೆ, ನೀವ್ಯಾರೂ ಗಡಿಯಾರ ಹಿಂದಕ್ಕೆ ಮಾಡಿಕೊಂಡಿಲ್ಲ ಎಂದು ಬೈದು ಇಟ್ಟರಂತೆ. ಅವರ ದನಿ ಎಷ್ಟು ಖಚಿತವಾಗಿತ್ತೆಂದರೆ ಇಬ್ಬರು ತಮ್ಮ ಕೈಗಡಿಯಾರವನ್ನೇ ಅನುಮಾನದಿಂದ ನೋಡಿಕೊಂಡರು. ಅಜ್ಜಿಯ ಪಾತ್ರದ ಹಿರಿಯರೊಬ್ಬರು ಸೆರಗು ಹೊದ್ದು ಮೆಟ್ಟಿಲ ಮೇಲೆ ಕೂತರು. ಅವರನ್ನು ನೋಡಿ ಮಾತ್ರ ಸಂಕಟವಾಯಿತು. ಕರೆದು ನನ್ನ ಕಾರಿನಲ್ಲಿ ಕೂರಿಸಿ ಹೀಟರ್ ಹಾಕಿದೆ. ಆದರೂ ಬಾಯಿ ಬಿಡಲಿಲ್ಲ.

ಹನ್ನೊಂದಕ್ಕೆ ಅಂಕಲ್ ಬಂದರು. ನಮಗೆಲ್ಲ ಸಮಯಪ್ರಜ್ಞೆ ಬಂದದ್ದಕ್ಕೆ ಸಂತೋಷ ಎಂದರು. ಒಬ್ಬೊಬ್ಬರಾಗಿ ತಮ್ಮ ಫೋನ್ ಅವರ ಮುಂದೆ ಹಿಡಿದರು.

ನಾನು ಮೆಲ್ಲಗೆ, “ಒಂದು ಗಂಟೆ ಲೇಟಾಯ್ತು ಅಂಕಲ್,” ಎಂದೆ.

ಅವರು ಬೀಗ ತೆಗೆಯಲು ಹೋದರು. ಕೀಲಿ ಎರಡು ಸಲ ಜಾರಿತು. ಐದು ವಾರದ ನನ್ನ ಉರಿ ಆಗ ತಣ್ಣಗಾಯಿತು.

ಸಂಜೆ ಅವರ ಹೆಂಡತಿಯ ಫೋನ್ ಬಂತು. “ಗುಂಡಿ ನೀ ಸರಿಸಿದ್ದು ನಾ ನೋಡಿದ್ದೆ, ತಂಗಿ,” ಎಂದರು ಆಂಟಿ.

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಇಪ್ಪತ್ತು ವರ್ಷ ಆತು, ಏಳೂವರಿಗೆ ಚಹಾ ಅಂದ್ರ ಏಳೂವರಿಗೇ ಕೊಡಾಕತ್ತೀನಿ. ಇವತ್ತ ಒಂದು ತಾಸು ಹೆಚ್ಚು ಮಲಗಿದೆ.”