ಸತ್ತ ಮೇಲೆ ಊದಿದ ವಿಸಿಲ್

ನಾನು ನಿಮಗಿಂತಲೂ ಚಿಕ್ಕವಳಿದ್ದಾಗ, ಮಕ್ಕಳೇ, ನಮಗೆ ನಾಟಕವೆಂದರೆ ಕಾರ್ಕಳ ಪೇಟೆ. ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಹೋಗಿ ಏಳು ಗಂಟೆಯ ಕೊನೆಯ ಬಸ್ಸಿನಲ್ಲಿ ಮರಳಬೇಕು. ಆದರೂ ನಾಟಕದ ದಿನ ನಮ್ಮೂರಿನವರು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಏಕೆಂದರೆ ಪೇಟೆಯ ನಾಟಕ ಸಂಘದಲ್ಲಿ ಬಟ್ಟೆ ಅಂಗಡಿಯವರು ರಾಜ, ಪೋಸ್ಟ್‌ಮ್ಯಾನ್ ಮಂತ್ರಿ, ನಮ್ಮ ಬಸ್ಸಿನ ಕಂಡಕ್ಟರೇ ಖಳನಾಯಕ. ಅವರು ವೇದಿಕೆಯ ಮೇಲಿರುವಾಗ ಬಸ್ಸು ಎಲ್ಲಿಗೆ ಹೋದೀತು? ಡ್ರೈವರೂ ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದರು.

ಆ ವರ್ಷ ಅಕ್ಕನಿಗೂ ಪಾತ್ರ ಸಿಕ್ಕಿತು. ಕೊನೆಯ ದೃಶ್ಯದ ರಾಜಕುಮಾರಿ, ಹತ್ತೇ ಹತ್ತು ಮಾತು. ಅದನ್ನೇ ತಿಂಗಳಿಡೀ ಬಾವಿಕಟ್ಟೆಗೆ, ದನಕ್ಕೆ, ನನಗೆ ಒಪ್ಪಿಸಿ ನಮ್ಮೆಲ್ಲರ ತಲೆ ತಿಂದಿದ್ದಳು. ಹೆಣ್ಣುಮಕ್ಕಳು ವೇಷ ಹಾಕುವುದು ಅಪ್ಪನಿಗೆ ಅಷ್ಟಕ್ಕಷ್ಟೆ. ಇದೊಂದು ಸಲ ಮಾಡು, ಜನ ಒಪ್ಪಿದರೆ ಮುಂದಿನದು ನೋಡುವ ಎಂದಿದ್ದರು.

ಭಾನುವಾರ ಶಾಲೆಯ ಹಾಲ್ ತುಂಬಿ ಹೋಗಿತ್ತು. ಮಲ್ಲಿಗೆ, ಬೆವರು, ಕಡಲೆಬೇಳೆಯ ಬಿಸಿ ಚಟ್ಟಂಬಡೆ, ಎಲ್ಲದರ ವಾಸನೆ ಒಟ್ಟಿಗೆ. ಎಡವಟ್ಟಾದದ್ದು ಇಲ್ಲಿ: ಪ್ರತಿ ಸಲ ಖಳನಾಯಕ ಕೊನೆಯವರೆಗೂ ಬದುಕಿದ್ದು ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಿದ್ದ. ಈ ಸಲ ರಾಜ ಅವನನ್ನು ಮೊದಲೇ ಕೊಂದುಬಿಟ್ಟ. ಕಂಡಕ್ಟರ್ ದೊಪ್ಪನೆ ಬಿದ್ದದ್ದೇ ತಡ, ಅವರ ಕೆಲಸ ಮುಗಿಯಿತು, ಇನ್ನು ಬಸ್ಸು ಹೊರಡುತ್ತದೆ ಎಂದು ಬೆಳ್ಮಣ್ಣಿನವರೆಲ್ಲ ಎದ್ದರು. ಕೆಲವರು ಚಪ್ಪಲಿ ಹುಡುಕಿದರು, ಕೆಲವರು ಕೊಡೆ. ಡ್ರೈವರೂ ಎದ್ದರು!

ಪರದೆಯ ಬದಿಯಲ್ಲಿ ಅಕ್ಕ ಕಂಡಳು. ಪೌಡರ್ ಬಳಿದ ಕೆನ್ನೆಯ ಮೇಲೆ ಕಣ್ಣೀರು ಗೆರೆ ಎಳೆದಿತ್ತು. ಅವಳ ಮಾತು ಕೇಳಲು ಅರ್ಧ ಹಾಲ್ ಕೂಡ ಉಳಿಯುವ ಹಾಗಿರಲಿಲ್ಲ.

ಆಗ ಹೆಣದ ಕೈ ಮೆಲ್ಲಗೆ ಸೊಂಟದ ಪಟ್ಟಿಯೊಳಗೆ ಹೋಯಿತು. ಒಂದು ವಿಸಿಲ್ ಕೇಳಿಸಿತು. ನಮ್ಮ ಕಡೆ ಒಂದು ವಿಸಿಲ್‌ಗೆ ಬಸ್ಸು ನಿಲ್ಲುತ್ತದೆ, ಎರಡಕ್ಕೆ ಹೊರಡುತ್ತದೆ. ಅಭ್ಯಾಸಬಲದಿಂದ ಎಲ್ಲರೂ ನಿಂತಲ್ಲೇ ನಿಂತರು. ಹೆಣ ತಲೆ ಎತ್ತಿತು.

“ಯಾರೂ ಏಳಬೇಡಿ ಮಾರಾಯ್ರೆ. ಮಗುವಿನ ಮಾತು ಬಾಕಿ ಉಂಟು. ಅಲ್ಲಿವರೆಗೆ ಬಸ್ ಬಿಡುವುದಿಲ್ಲ.”

ಹೇಳಿ ಮತ್ತೆ ಸತ್ತಿತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕು ಕೂತರು. ಅಕ್ಕ ಬಂದಳು. ಒಂದು ಮಾತು ಮರೆತಳು, ಇನ್ನೊಂದನ್ನು ಎರಡು ಸಲ ಹೇಳಿದಳು, ಅಂತೂ ಹತ್ತಾಯಿತು. ಚಪ್ಪಾಳೆ ನಿಲ್ಲುವ ಮೊದಲೇ ಪರದೆಯ ಹಿಂದಿನಿಂದ ಎರಡು ವಿಸಿಲ್ ಬಂತು. ಎದೆಯ ಮೇಲಿನ ಕುಂಕುಮದ ರಕ್ತದಲ್ಲೇ ಕಂಡಕ್ಟರ್ ಟಿಕೆಟ್ ಹರಿದರು. ಮುಂದಿನ ನಾಟಕ ಯಾವಾಗ ಎಂದು ಅಪ್ಪ ಅವರನ್ನು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು.

ಮೊನ್ನೆ ಮಣಿಪಾಲದಲ್ಲಿ ನಿಮ್ಮ ನಾಟಕಕ್ಕೆ ಬಂದೆವಲ್ಲ, ಎಂಥ ತಂಪು ಹಾಲ್, ಎಂಥ ಮೆತ್ತನೆಯ ಕುರ್ಚಿ! ಬಸ್ಸಿನ ಚಿಂತೆ ಯಾರಿಗೂ ಇರಲಿಲ್ಲ, ಎಲ್ಲರಿಗೂ ಕಾರು. ಆದರೂ ಪುಟ್ಟಿ, ನಿನ್ನ ಮಾತು ಬರುವ ಮೊದಲೇ, ಪಾರ್ಕಿಂಗಿನಲ್ಲಿ ಸಿಕ್ಕಿಬೀಳಬಾರದೆಂದು ಜನ ಏಳತೊಡಗಿದರು. ನೀನು ಬದಿಯಿಂದ ಇಣುಕಿದ್ದನ್ನು ನಾವು ನೋಡಿದೆವು. ಆಗ ಹಾಲಿನಲ್ಲಿ ಕೂಗಿದ್ದು ಯಾರು ಎಂದು ಆವತ್ತಿನಿಂದ ಕೇಳುತ್ತಿದ್ದೀಯಲ್ಲ, ಕೇಳು. ಅದು ನನ್ನ ಅಕ್ಕ, ನಿಮ್ಮ ದೊಡ್ಡಜ್ಜಿ. ಮಂಡಿನೋವನ್ನೂ ಮರೆತು ಎದ್ದು ನಿಂತು ಹೇಳಿದಳು:

“ಯಾರೂ ಏಳಬೇಡಿ. ಮಗುವಿನ ಮಾತು ಬಾಕಿ ಉಂಟು. ಅಲ್ಲಿವರೆಗೆ ಬಸ್ ಬಿಡುವುದಿಲ್ಲ.”

ಯಾವ ಬಸ್ಸೆಂದು ಒಬ್ಬರಿಗೂ ತಿಳಿಯಲಿಲ್ಲ. ಆದರೂ ಎಲ್ಲರೂ ಕೂತರು.