ಕಬ್ಬಿನ ಕಾಟಾದ ಮೇಲೆ ಹಾರ್ಸ್‌ಪವರ್

ಗೆಳೆಯರೇ, ಇವತ್ತು ಚಿಕ್ಕೋಡಿಯ ನನ್ನ ಗ್ಯಾರೇಜಿನಲ್ಲಿ ಆದದ್ದು ಇದು.

ಬೇಡಕಿಹಾಳದ ರೈತ ಅಪ್ಪಾಸಾಹೇಬರು ತಮ್ಮ ಡ್ರ್ಯಾಗ್ ರೇಸ್ ಕಾರಿಗೆ ಹೊಸ ಕ್ಯಾಮ್‌ಶಾಫ್ಟ್, ಅಂದರೆ ಎಂಜಿನ್ನಿನ ವಾಲ್ವ್ ತೆರೆದು ಮುಚ್ಚುವ ದಂಡ, ಹಾಕಿಸಲು ಬಂದಿದ್ದರು. ಮೊದಲು ಕಾರನ್ನು ಕಬ್ಬು ತೂಗುವ ಕಾಟಾದ ಮೇಲೆ ತೂಗಿಸಿ ತಂದೆವು. ಆ ತೂಕವನ್ನೂ ಕಾಲು ಮೈಲಿ ಓಡಿದ ಸಮಯವನ್ನೂ ಹಿಡಿದು ಲೆಕ್ಕ ಹಾಕಿದರೆ ಎಂಬತ್ತು ಹಾರ್ಸ್‌ಪವರ್ ಬಂತು.

"ಇಷ್ಟ ಪವರಿಗೆ ಸಣ್ಣ ಕ್ಯಾಮ್‌ಶಾಫ್ಟ್ ಸಾಕ್ರಿ. ದೊಡ್ಡದು ಹಾಕಿದ್ರ ರೇಸ್ ಬಿಡೂಮುಂದ ಗಾಡಿ ಎಳ್ಯಾಂಗಿಲ್ಲ" ಎಂದೆ.

"ನೂರರ ಮ್ಯಾಲ ಐತ್ರಿ. ಕಾಟಾದವ್ರು ತೂಕ ಹೊಡದಾರ, ಅದಕ್ಕ ಪವರ್ ಕಮ್ಮಿ ಬಂದೈತಿ" ಎಂದರು ಅಪ್ಪಾಸಾಹೇಬರು.

"ನಿಮ್ಮ ಕಾರ್ ಅವ್ರೇನ್ ಕೊಳ್ತಾರೇನ್ರಿ? ಹೊಡದ್ರ ಅವ್ರಿಗೇನ್ ಸಿಗತೈತಿ?"

"ಏನೂ ಸಿಗೂದಿಲ್ರಿ. ನಮ್ಮ ಕಬ್ಬಿನ್ಯಾಗ ಹೊಡದ ಹೊಡದ ಕೈಗೆ ರೂಢಿ ಬಿದ್ದೈತಿ."

ಕೊನೆಗೆ ಹಟ ಹಿಡಿದು ದೊಡ್ಡ ಕ್ಯಾಮ್‌ಶಾಫ್ಟನ್ನೇ ಹಾಕಿಸಿಕೊಂಡು ಹೋದರು. ರೇಸಿನಲ್ಲಿ ಕಾರು ಹಿಂದೆ ಬಿದ್ದರೆ ಗಡಿಯಾರದವರೂ ಸಮಯ ಹೊಡೆದರು ಎನ್ನುತ್ತಾರೆ. ನನ್ನ ಹೆಸರಂತೂ ಕೆಡುವುದಿಲ್ಲ.