ರಾಕ್ಷಸನ ಹಲ್ಲಿಗೆ ಆಡಿನ ಕೊಂಬು

ತಿಕೋಟಾದಲ್ಲಿ ಹೊನವಾಡದ ಬಸ್ಸಿಗೆ ಕಾಯುತ್ತಿದ್ದೆ. ಬೇರು, ತೊಗಟೆ ಹರವಿಕೊಂಡಿದ್ದ ಮುದುಕ, "ರಾಕ್ಷಸನ ಹಲ್ಲು ನೋಡ್ರಿ, ನರ್ಮದಾ ದಂಡಿಂದ ತಂದದ್ದು" ಎಂದು ಕಪ್ಪಗಿನದೊಂದನ್ನು ಕೈಗಿಟ್ಟ. ಅಂಚಿನಲ್ಲಿ ಗರಗಸದಂಥ ಕಚ್ಚುಗಳು. ಕಲ್ಲಾದ ಡೈನೋಸಾರ್ ಹಲ್ಲು! ಪಳೆಯುಳಿಕೆ ಕೂಡಿಡುವ ಹುಚ್ಚಿನ ನಾನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಆದರೆ ಒಂದು ತುದಿಯ ಬಣ್ಣವೇ ಬೇರೆ, ನಡುವೆ ಬೆಸೆದಂಥ ಸಂದಿ. ಬೆಂಕಿಕಡ್ಡಿ ಗೀರಿ ಆ ಸಂದಿಗೆ ಹಿಡಿದೆ. ಅರಗು ಕರಗಿ ಆಡಿನ ಕೊಂಬಿನ ತುಂಡು ಕಳಚಿಬಿತ್ತು.

"ಏನಜ್ಜಾ ಇದು?"

"ಹಲ್ಲುನೋವು ಅಂದವರಿಗೆಲ್ಲಾ ತೇಯ್ದು ತೇಯ್ದು ಮೋಟಾಗೈತ್ರಿ. ಹಿಡ್ಯಾಕ ಬರ್ಲಿ ಅಂತ ಕೊಂಬು ಹಚ್ಚೇನಿ."

ಆ ಮೋಟನ್ನಾದರೂ ಕೊಳ್ಳೋಣವೆಂದು ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಕೆನ್ನೆ ಒತ್ತಿಹಿಡಿದ ಹೆಂಗಸೊಬ್ಬಳು ಬಂದಳು. ಅಜ್ಜ ಹಲ್ಲನ್ನು ನನ್ನಿಂದ ಕಸಿದು, ಸಾಣೆಕಲ್ಲಿಗೆ ನೀರು ಚಿಮುಕಿಸಿ ತೇಯತೊಡಗಿದ.

"ತಡೀರಿ ಸಾಹೇಬ್ರ, ಈಕೀ ನೋವು ಹೋಗ್ಲಿ. ಉಳಿದ್ರ ನಿಮಗ."